ಮಾನೋಫಿಲಮೆಂಟಾ, ಬಯೋಥೀಸಿಯೋಮೀಟರಾ, ಥರ್ಮೋಡಾ? ಆರೋಗ್ಯವಂತರ ನರಸಂವೇದನೆ ಅಳೆಯಲು ಯಾವುದನ್ನು ನಂಬುವುದು

ಫಿಸಿಯೋಥೆರಪಿ ಪಿಜಿಗಳು ಡಿಸರ್ಟೇಶನ್‌ಗೆ ವಿಷಯ ಹುಡುಕುವಾಗ ಇದು ಸಲೀಸಾಗಿ ಕೈಗೆ ಸಿಗುತ್ತದೆ. ಸಂವೇದನೆ ಅಳೆಯುವ ಒಂದು ಉಪಕರಣ ಹಿಡಿಯಿರಿ, ಆರೋಗ್ಯವಂತರನ್ನು ಎರಡು ಸಲ ಪರೀಕ್ಷಿಸಿ, ಎರಡೂ ಸಲ ಒಂದೇ ಅಂಕಿ ಬರುತ್ತದಾ ನೋಡಿ. ರೋಗಿಗಳಿಗಾಗಿ ಕಾಯಬೇಕಿಲ್ಲ, ಜೂನಿಯರ್‌ಗಳೇ ಸಾಕು. ಆದರೆ ಯಾವ ಉಪಕರಣ ಅನ್ನುವಲ್ಲಿಗೆ ಬಂದಾಗ ಬಹಳ ಜನ ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಏನಿದೆಯೋ ಅದನ್ನೇ ತೆಗೆದುಕೊಳ್ಳುತ್ತಾರೆ. ಕೊನೆಗೆ ಬರುವ ಫಲಿತಾಂಶ ಎಷ್ಟೋ ಸಲ ನರದ ಬಗ್ಗೆ ಏನೂ ಹೇಳುವುದಿಲ್ಲ.

ಈ ಬರಹ ಮುಖ್ಯವಾಗಿ ಅಂಥವರಿಗೆ. ಶುಗರ್ ಕ್ಯಾಂಪಿನಲ್ಲಿ ಪಾದಕ್ಕೆ ಮಿಷನ್ ಹಿಡಿಸಿಕೊಂಡು, ವೋಲ್ಟ್‌ಗಳ ಚೀಟಿ ಕೈಯಲ್ಲಿ ಹಿಡಿದು ತಲೆಕೆಡಿಸಿಕೊಂಡವರಿಗೂ ಕೆಲವು ಮಾತು ಇದೆ.

ಈ ಉಪಕರಣಗಳು ಹುಡುಕುವುದು ಥ್ರೆಶೋಲ್ಡ್, ಅಂದರೆ ಅರಿವಿಗೆ ಬರುವ ಅತಿ ಕಡಿಮೆ ಪ್ರಮಾಣ. ಎಷ್ಟು ಮೆಲ್ಲಗೆ ಮುಟ್ಟಿದರೆ ಗೊತ್ತಾಗುತ್ತದೆ, ಎಷ್ಟು ಸಣ್ಣ ನಡುಕ ತಿಳಿಯುತ್ತದೆ, ಚರ್ಮ ಎಷ್ಟು ಡಿಗ್ರಿ ಬಿಸಿಯಾದರೆ 'ಬೆಚ್ಚಗಾಯ್ತು' ಅನಿಸುತ್ತದೆ. ನರಕ್ಕೆ ಸಣ್ಣ ಕರೆಂಟ್ ಕೊಟ್ಟು ನೋಡುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ರೋಗಿ ಏನೂ ಹೇಳಬೇಕಿಲ್ಲ, ಯಂತ್ರವೇ ಅಲೆ ಹಿಡಿಯುತ್ತದೆ. ಇಲ್ಲಿ ಹಾಗಲ್ಲ. ಎದುರಿಗಿರುವವರು 'ಹಾಂ' ಅನ್ನಬೇಕು. ಹಾಗಾಗಿ ಪ್ರತಿ ಅಂಕಿಯಲ್ಲೂ ನರದ ಜೊತೆಗೆ ಅವರ ಗಮನ, ನಿದ್ದೆ, ಅಂಜಿಕೆ, ನಿಮ್ಮ ಕೈಯ ವೇಗ ಎಲ್ಲವೂ ಸೇರಿಕೊಂಡಿರುತ್ತದೆ. ನನ್ನ ಮಟ್ಟಿಗೆ, ಯಾವ ಉಪಕರಣ ಅನ್ನುವುದಕ್ಕಿಂತ ಪ್ರಶ್ನೆ ಹೇಗೆ ಕೇಳುತ್ತೀರಿ ಅನ್ನುವುದೇ ಜಾಸ್ತಿ ಮುಖ್ಯ. ಆದರೂ ಉಪಕರಣಗಳಲ್ಲಿ ವ್ಯತ್ಯಾಸ ಇದ್ದೇ ಇದೆ.

10 ಗ್ರಾಂ ಮಾನೋಫಿಲಮೆಂಟ್: ಈ ಕೆಲಸಕ್ಕೆ ಬೇಡ

ಬಡಪಾಯಿ ಉಪಕರಣ. ಹಿಡಿಕೆಯ ತುದಿಗೆ ಒಂದು ನೈಲಾನ್ ಎಳೆ, ಅಷ್ಟೆ. ಚರ್ಮಕ್ಕೆ ನೇರವಾಗಿ ಒತ್ತಿದಾಗ ಎಳೆ ಬಿಲ್ಲಿನಂತೆ ಬಾಗುತ್ತದೆ. ಒಮ್ಮೆ ಬಾಗಿದ ಮೇಲೆ ನೀವು ಎಷ್ಟು ಒತ್ತಿದರೂ ಚರ್ಮಕ್ಕೆ ಬೀಳುವ ಬಲ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಪರೀಕ್ಷಿಸುವವರ ಕೈ ಗಟ್ಟಿಯೋ ಮೆತ್ತಗೋ ಅನ್ನುವ ಸಮಸ್ಯೆಯನ್ನು ಇಷ್ಟು ಅಗ್ಗವಾಗಿ ಬಗೆಹರಿಸಿದ ಬೇರೆ ಸಾಧನ ಇಲ್ಲ. 19ನೇ ಶತಮಾನದ ಕೊನೆಯಲ್ಲಿ ಮ್ಯಾಕ್ಸ್ ಫಾನ್ ಫ್ರೈ ಕೂದಲಿನಿಂದ ಮಾಡಿದ್ದನ್ನು 1960ರಲ್ಲಿ ಜೋಸೆಫೀನ್ ಸೆಮ್ಸ್ ಮತ್ತು ಸಿಡ್ನಿ ವೈನ್‌ಸ್ಟೈನ್ ನೈಲಾನಿಗೆ ತಂದರು.

ಅದರ ಮೇಲೆ ಬರೆದಿರುವ 5.07 ಏನು ಅಂತ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮಿಲಿಗ್ರಾಮಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಬಲವನ್ನು ಬರೆದು, ಅದರ ಲಾಗರಿದಮ್ ತೆಗೆದರೆ ಬರುವ ಸಂಖ್ಯೆ ಅದು. ಲೆಕ್ಕ ಹಾಕಿ ನೋಡಿದರೆ 5.07 ಅಂದರೆ 11.7 ಗ್ರಾಂ ಆಗುತ್ತದೆ. ನಾವು ಸುಮ್ನೆ 10 ಗ್ರಾಂ ಅನ್ನುತ್ತೇವೆ.

ಈ 10 ಗ್ರಾಂ ಗೆರೆ ಹುಟ್ಟಿದ್ದು ಆರೋಗ್ಯವಂತರನ್ನು ಅಳೆಯಲು ಅಲ್ಲ. 1986ರಲ್ಲಿ ಬರ್ಕ್ ಮತ್ತು ಸಿಮ್ಸ್ ಅಮೆರಿಕದ ಲೂಸಿಯಾನಾದ ಕಾರ್ವಿಲ್ ಕುಷ್ಠರೋಗ ಕೇಂದ್ರದಲ್ಲಿ, ಪಾದದಲ್ಲಿ ಹುಣ್ಣಾಗುವವರು ಯಾರು ಅಂತ ಗುರುತಿಸಲು ಇದನ್ನು ಹಿಡಿದರು. ಅಂದರೆ ಕಾಪಾಡುವಷ್ಟು ಸ್ಪರ್ಶ ಉಳಿದಿದೆಯೋ ಇಲ್ಲವೋ ಅಷ್ಟೇ ಪ್ರಶ್ನೆ. ಆರೋಗ್ಯವಂತ ಯುವಕರ ಪಾದಕ್ಕೆ ಇದನ್ನು ಹಿಡಿದರೆ ಎಲ್ಲರೂ 'ಗೊತ್ತಾಯ್ತು' ಅನ್ನುತ್ತಾರೆ. ಮರುದಿನವೂ ಅದೇ ಉತ್ತರ. ಒಪ್ಪಿಗೆ ನೂರಕ್ಕೆ ನೂರು! ಅದನ್ನು 'ಅತ್ಯುತ್ತಮ ವಿಶ್ವಾಸಾರ್ಹತೆ' ಅಂತ ಬರೆದುಕೊಳ್ಳಬಹುದು, ಆದರೆ ಅಳೆದಿದ್ದು ಏನು? ಉತ್ತರದಲ್ಲಿ ಏರುಪೇರೇ ಇಲ್ಲದಾಗ, ಎರಡು ಸಲದ ಉತ್ತರಗಳ ಹೊಂದಾಣಿಕೆ ಅಳೆಯುವ ಕಪ್ಪಾ ಲೆಕ್ಕವೂ ಕೈಕೊಡುತ್ತದೆ. ಛೇದದಲ್ಲಿ ಸೊನ್ನೆ ಬಂದು ಸಾಫ್ಟ್‌ವೇರ್ ಸುಮ್ಮನೆ ಕೂರುತ್ತದೆ.

ಫಿಲಮೆಂಟೇ ಬೇಕು ಅನ್ನುವುದಾದರೆ 20 ಎಳೆಗಳ ಪೂರ್ತಿ ಸೆಟ್ ತೆಗೆದುಕೊಳ್ಳಿ. 1.65ರಿಂದ 6.65ರವರೆಗೆ ಇರುತ್ತದೆ. ಅಂಗೈಗೆ 2.83, ಅಂದರೆ 0.07 ಗ್ರಾಂ ಎಳೆ ಸಾಮಾನ್ಯವಾಗಿ ಗೊತ್ತಾಗಬೇಕು. ಆಗ ಒಬ್ಬರಿಗೂ ಇನ್ನೊಬ್ಬರಿಗೂ ವ್ಯತ್ಯಾಸ ಕಾಣಲು ಜಾಗ ಸಿಗುತ್ತದೆ. ಆದರೆ ಗ್ರಾಂ ಲೆಕ್ಕದಲ್ಲಿ ಮೆಟ್ಟಿಲುಗಳು ಸಮ ಇಲ್ಲ, ಮೇಲೆ ಹೋದಷ್ಟೂ ಅಂತರ ದೊಡ್ಡದು. ಹಾಗಾಗಿ ಸರಾಸರಿ ತೆಗೆಯುವಾಗ ಗ್ರಾಂ ಬಿಟ್ಟು ಲಾಗ್ ಸಂಖ್ಯೆಯನ್ನೇ ಬಳಸಿ.

ಇನ್ನೊಂದು ವಿಷಯ ನಮ್ಮ ಕರಾವಳಿಯವರಿಗೆ. ನೈಲಾನ್ ತೇವ ಹೀರುತ್ತದೆ, ಹೀರಿದಾಗ ಮೆತ್ತಗಾಗುತ್ತದೆ. ಮಂಗಳೂರಿನ ಜುಲೈಯಲ್ಲಿ ಬಾಗುವ ಎಳೆಯೂ ಕಲಬುರಗಿಯ ಏಪ್ರಿಲ್‌ನಲ್ಲಿ ಬಾಗುವ ಎಳೆಯೂ ಒಂದೇ ಬಲ ಕೊಡುತ್ತವೆ ಅಂತ ನಂಬಬೇಡಿ. ಮೇಲಿಂದ ಮೇಲೆ ಬಳಸಿದರೂ ಎಳೆ ಸೋಲುತ್ತದೆ, ಒಂದಿಷ್ಟು ಜನರ ನಂತರ ಒಂದು ದಿನ ವಿಶ್ರಾಂತಿ ಬೇಕು. ಕ್ಯಾಂಪಿನಲ್ಲಿ ಒಂದೇ ಎಳೆ ಬೆಳಗಿನಿಂದ ಸಂಜೆವರೆಗೆ ದುಡಿಯುವುದನ್ನು ನೋಡಿದರೆ ಪಾಪ ಅನಿಸುತ್ತದೆ.

ಟ್ಯೂನಿಂಗ್ ಫೋರ್ಕ್: ಬರಿಯ 128 ಬೇಡ, ಅಂಕಿ ಇರುವುದು ಬೇಕು

ಹೊಡೆದಾಗ ನಡುಗುವ ಲೋಹದ ಕವಲು ಇದು, ಮೈಗೆ ತಾಗಿಸಿ ನಡುಕ ಗೊತ್ತಾಗುತ್ತದಾ ಅಂತ ಕೇಳುತ್ತಾರೆ. ಮಾಮೂಲಿ 128 ಹರ್ಟ್ಜ್ ಫೋರ್ಕಿನಲ್ಲಿ ಉತ್ತರ 'ಇದೆ' ಅಥವಾ 'ಇಲ್ಲ'. ನೀವು ಎಷ್ಟು ಜೋರಾಗಿ ಹೊಡೆದಿರಿ ಅನ್ನುವುದು ಅದರಲ್ಲಿ ಸೇರಿಹೋಗುತ್ತದೆ. ರೀಡೆಲ್-ಸೈಫರ್ ಫೋರ್ಕ್ ಬೇರೆ ತರಹದ್ದು. ತೋಳುಗಳಿಗೆ ತೂಕ ಸಿಕ್ಕಿಸಿದಾಗ ಅದು 64 ಹರ್ಟ್ಜ್‌ನಲ್ಲಿ ನಡುಗುತ್ತದೆ. ತೂಕದ ಮೇಲೆ 0ರಿಂದ 8ರವರೆಗೆ ಅಳತೆಯ ತ್ರಿಕೋನ ಇರುತ್ತದೆ. ನಡುಕ ಕಡಿಮೆಯಾಗುತ್ತಾ ಬಂದಂತೆ ಎರಡು ತ್ರಿಕೋನಗಳು ಒಂದರ ಮೇಲೊಂದು ಕಂಡು, ಅವು ಕೂಡುವ ಬಿಂದು ಮೇಲಕ್ಕೆ ಏರುತ್ತದೆ. ಎದುರಿಗಿರುವವರು 'ನಿಂತ್ಹೋಯ್ತು' ಅಂದಾಗ ಬಿಂದು ಎಲ್ಲಿದೆಯೋ ಅದೇ ಅಂಕಿ. ಇಲ್ಲಿ ಅಂಕಿ ಜಾಸ್ತಿ ಇದ್ದಷ್ಟು ಸಂವೇದನೆ ಚೆನ್ನಾಗಿದೆ ಅಂತ ಅರ್ಥ. ಬಯೋಥೀಸಿಯೋಮೀಟರಿನಲ್ಲಿ ಉಲ್ಟಾ. ಎರಡನ್ನೂ ಒಂದೇ ಅಧ್ಯಯನದಲ್ಲಿ ಬಳಸುವವರು ಟೇಬಲ್ ಬರೆಯುವಾಗ ಹುಷಾರು.

ಇದರ ದೊಡ್ಡ ಗುಣ, ಎಷ್ಟು ಜೋರಾಗಿ ಹೊಡೆದರೂ ಲೆಕ್ಕ ಕೆಡುವುದಿಲ್ಲ. ದೋಷ ಅಂದರೆ 8 ಮೆಟ್ಟಿಲು ಮಾತ್ರ. ಯುವಕರಲ್ಲಿ ಬಹಳ ಜನ ಮೇಲಿನ ಎರಡು ಮೂರು ಅಂಕಿಗಳಲ್ಲೇ ಗುಂಪುಗೂಡುತ್ತಾರೆ. ಬ್ಯಾಟರಿ ಬೇಡ, ಕರೆಂಟ್ ಬೇಡ, ಜೇಬಿನಲ್ಲಿ ಕೂರುತ್ತದೆ. ದುಡ್ಡು ಕಡಿಮೆ ಇದ್ದವರಿಗೆ ನನ್ನ ಮೊದಲ ಸಲಹೆ ಇದೇ.

ಬಯೋಥೀಸಿಯೋಮೀಟರ್: ಸುಲಭ, ಆದರೆ ಗುಂಡಿಯ ವೇಗ ನೋಡಿಕೊಳ್ಳಿ

ನಮ್ಮಲ್ಲಿ ಜಾಸ್ತಿ ಕಾಣುವುದು ಇದು. ಕಾಲಿನ ಹೆಬ್ಬೆರಳಿನ ತುದಿಗೆ ನಡುಗುವ ತಲೆಯನ್ನು ಇಡುತ್ತಾರೆ, ಗುಂಡಿ ತಿರುಗಿಸುತ್ತಾ ವೋಲ್ಟ್ ಏರಿಸುತ್ತಾರೆ. ನಡುಕ ಗೊತ್ತಾದಾಗಿನ ವೋಲ್ಟೇ ಅಂಕಿ. ಸ್ಕೇಲ್ 0ರಿಂದ 50. 25 ವೋಲ್ಟ್ ದಾಟಿದ ಮಧುಮೇಹಿಗಳಲ್ಲಿ ಪಾದದ ಹುಣ್ಣಿನ ಅಪಾಯ ಜಾಸ್ತಿ ಅಂತ 1994ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ತಂಡ ತೋರಿಸಿದ ಮೇಲೆ ಆ ಸಂಖ್ಯೆ ಎಲ್ಲೆಡೆ ಗೆರೆಯಾಗಿ ನಿಂತಿದೆ.

ಹಳೆಯ ಮಾದರಿಯ ಯಂತ್ರದಲ್ಲಿ ನಡುಕದ ಆವರ್ತನ ಗೋಡೆಯ ಕರೆಂಟಿನಿಂದ ಬರುತ್ತದೆ. ಮೇನ್ಸ್ ಎಷ್ಟೋ ಅದರ ಎರಡರಷ್ಟು. ನಮ್ಮಲ್ಲಿ 50 ಹರ್ಟ್ಜ್, ಹಾಗಾಗಿ 100. ಅಮೆರಿಕದಲ್ಲಿ 60, ಹಾಗಾಗಿ 120. ಅಲ್ಲಿನ ನಾರ್ಮಲ್ ಪಟ್ಟಿಯನ್ನು ಕಣ್ಣುಮುಚ್ಚಿ ಇಲ್ಲಿಗೆ ತರಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

ವೋಲ್ಟ್ ಮತ್ತು ನಡುಕದ ಸಂಬಂಧವೂ ನೇರ ಅಲ್ಲ. ನಡುಕದ ಅಗಲ ವೋಲ್ಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 5ರಿಂದ 10 ವೋಲ್ಟಿಗೆ ಹೋದರೆ ನಡುಕ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಾಗಾಗಿ 6 ಮತ್ತು 8ರ ನಡುವಿನ 2 ವೋಲ್ಟೂ 20 ಮತ್ತು 22ರ ನಡುವಿನ 2 ವೋಲ್ಟೂ ಒಂದೇ ಅಲ್ಲ.

ಇಲ್ಲಿ ಅಂಕಿ ಅಲುಗಾಡಿಸುವ ಮೂರು ವಿಷಯ ಮರೆಯಬೇಡಿ. ಒಂದು, ತಲೆಯನ್ನು ಅದರದೇ ಭಾರದಲ್ಲಿ ಕೂರಿಸಬೇಕು. ಕೈಯಿಂದ ಒತ್ತಿದರೆ ಥ್ರೆಶೋಲ್ಡ್ ಬದಲಾಗುತ್ತದೆ. ಎರಡು, ಗುಂಡಿಯನ್ನು ಬೇಗ ತಿರುಗಿಸಿದರೆ 'ಹಾಂ' ಅನ್ನುವಷ್ಟರಲ್ಲಿ ಸೂಜಿ ಮುಂದೆ ಹೋಗಿರುತ್ತದೆ. ಮೂರನೆಯದನ್ನು ಯಾರೂ ಬರೆಯುವುದಿಲ್ಲ: ಯಂತ್ರ ಗುಂಯ್ ಅನ್ನುತ್ತದೆ. ಸದ್ದಿಲ್ಲದ ಕೋಣೆಯಲ್ಲಿ ಚುರುಕಾದ ವಿದ್ಯಾರ್ಥಿ ಪಾದದಿಂದಲ್ಲ, ಕಿವಿಯಿಂದ ಉತ್ತರ ಕೊಡುತ್ತಾನೆ. ಕಿವಿಗೆ ಇಯರ್‌ಮಫ್ ಹಾಕಿಸಿ, ಸಾಧ್ಯವಾದರೆ ಫ್ಯಾನ್ ಸದ್ದು ಇರಲಿ.

ಇಷ್ಟೆಲ್ಲ ಜಾಗ್ರತೆ ಮಾಡಿದರೆ ಇದು ಒಳ್ಳೆಯ ಆಯ್ಕೆ. ಅಂಕಿ ನಿರಂತರವಾಗಿ ಏರುವುದರಿಂದ ಆರೋಗ್ಯವಂತರ ನಡುವಿನ ಸಣ್ಣ ವ್ಯತ್ಯಾಸವೂ ಕಾಣುತ್ತದೆ. ಆದರೆ ಸ್ಪರ್ಶ, ನಡುಕ ಹೊರುವ ದೊಡ್ಡ ನರತಂತುಗಳ ಕತೆ ಮಾತ್ರ ಹೇಳುತ್ತದೆ. ಉರಿ, ನೋವು, ಬಿಸಿ-ತಂಪು ಹೊರುವ ಸಣ್ಣ ತಂತುಗಳ ಬಗ್ಗೆ ಇದಕ್ಕೆ ಏನೂ ಗೊತ್ತಿಲ್ಲ.

ಥರ್ಮೋಡ್: ದುಬಾರಿ, ನಿಧಾನ, ಆದರೆ ಬೇರೆ ಯಾರೂ ಹೇಳದ್ದನ್ನು ಹೇಳುತ್ತದೆ

ಸಣ್ಣ ತಂತುಗಳನ್ನು ಅಳೆಯಬೇಕು ಅಂದರೆ ಬಿಸಿ-ತಂಪಿನ ದಾರಿಯೇ ಬೇಕು. ತಂಪನ್ನು ಎ-ಡೆಲ್ಟಾ ತಂತುಗಳು ಹೊರುತ್ತವೆ, ಬೆಚ್ಚನೆಯನ್ನು ಸಿ ತಂತುಗಳು. ಚರ್ಮಕ್ಕೆ ಒಂದು ಚಪ್ಪಟೆ ತಟ್ಟೆ ಕಟ್ಟುತ್ತಾರೆ, ಅದೇ ಥರ್ಮೋಡ್. ಸಾಮಾನ್ಯವಾಗಿ 32 ಡಿಗ್ರಿಯಿಂದ ಶುರು, ಸೆಕೆಂಡಿಗೆ 1 ಡಿಗ್ರಿ ಏರಿಕೆ ಅಥವಾ ಇಳಿಕೆ. ಸುಡಬಾರದು ಅಂತ 50 ಡಿಗ್ರಿಗೆ ನಿಲ್ಲಿಸುತ್ತಾರೆ. ಗೊತ್ತಾದ ತಕ್ಷಣ ಗುಂಡಿ ಒತ್ತಬೇಕು. ಇದಕ್ಕೆ ಮೆಥಡ್ ಆಫ್ ಲಿಮಿಟ್ಸ್ ಅನ್ನುತ್ತಾರೆ.

ಇಲ್ಲೇ ಒಂದು ಸ್ವಾರಸ್ಯ ಇದೆ. ಸಿ ತಂತುಗಳಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 1 ಮೀಟರ್ ಹೋಗುತ್ತದೆ. ಪಾದದಿಂದ ಬೆನ್ನುಹುರಿಗೆ ಹೆಚ್ಚುಕಡಿಮೆ 1 ಮೀಟರ್. ಅಂದರೆ ಪಾದಕ್ಕೆ ಬೆಚ್ಚಗಾದ ಸುದ್ದಿ ಮೇಲೆ ತಲುಪುವಷ್ಟರಲ್ಲಿ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ, ಥರ್ಮೋಡ್ ಅಷ್ಟರಲ್ಲಿ ಇನ್ನೊಂದು ಡಿಗ್ರಿ ಏರಿರುತ್ತದೆ. ಅದರ ಮೇಲೆ ಗುಂಡಿ ಒತ್ತುವ ಬೆರಳಿನ ತಡ. ಉದ್ದ ಕಾಲಿನವರಿಗೆ, ವಯಸ್ಸಾದವರಿಗೆ, ನಿದ್ದೆಗೆಟ್ಟವರಿಗೆ ಈ ತಡ ಇನ್ನೂ ಜಾಸ್ತಿ. ನರ ಸರಿಯಾಗಿಯೇ ಇದ್ದರೂ ಥ್ರೆಶೋಲ್ಡ್ ಮೇಲೆ ಹೋದಂತೆ ಕಾಣುತ್ತದೆ.

ಇದನ್ನು ತಪ್ಪಿಸಲು ಇನ್ನೊಂದು ಕ್ರಮ ಇದೆ. ಒಂದು ಅಳತೆಯ ಬಿಸಿ ಕೊಟ್ಟು, ನಿಲ್ಲಿಸಿ, ನಂತರ ಆರಾಮಾಗಿ 'ಗೊತ್ತಾಯ್ತಾ?' ಅಂತ ಕೇಳುವುದು. ಉತ್ತರ ಹೌದು ಅಂದರೆ ಮುಂದಿನದು ಕಡಿಮೆ, ಇಲ್ಲ ಅಂದರೆ ಜಾಸ್ತಿ. ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಪೀಟರ್ ಡೈಕ್ ಅವರ ತಂಡ ಇದಕ್ಕೆ 4-2-1 ಅನ್ನುವ ಕ್ರಮ ರೂಪಿಸಿತು. ಮೊದಲು 4 ಮೆಟ್ಟಿಲಿನ ಜಿಗಿತ, ಉತ್ತರ ತಿರುಗಿದಾಗ 2, ಮತ್ತೆ ತಿರುಗಿದಾಗ 1. ನಡುನಡುವೆ ಏನೂ ಕೊಡದ ಖಾಲಿ ಸರದಿಗಳೂ ಬರುತ್ತವೆ. ಖಾಲಿಗೂ 'ಹೌದು' ಅನ್ನುವವರು ಅಲ್ಲೇ ಸಿಕ್ಕಿಬೀಳುತ್ತಾರೆ. ಈ ಖಾಲಿ ಸರದಿಯನ್ನು ನೀವು ಯಾವ ಉಪಕರಣಕ್ಕೆ ಬೇಕಾದರೂ ಸೇರಿಸಿಕೊಳ್ಳಬಹುದು, ಖರ್ಚಿಲ್ಲ. ಮಾನೋಫಿಲಮೆಂಟಿಗೂ ಮೂರರಲ್ಲಿ ಒಂದು ಸಲ ಮುಟ್ಟದೆ ಕೇಳಬೇಕು ಅಂತ ಮಧುಮೇಹದ ಪಾದದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕ್ಯಾಂಪ್‌ಗಳ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದೇ ಅದು.

ಪೂರ್ತಿ ಸೆಟ್ ಮಾಡುವ ಆಸೆ ಇದ್ದವರಿಗೆ ಜರ್ಮನಿಯ ನರನೋವಿನ ಸಂಶೋಧನಾ ಜಾಲದ ಕ್ರಮ ಇದೆ. 2006ರಲ್ಲಿ 180 ಆರೋಗ್ಯವಂತರ ಅಳತೆಗಳನ್ನು ಅವರು ಪ್ರಕಟಿಸಿದರು: ಒಟ್ಟು 13 ಅಳತೆ, ಒಂದೇ ಜಾಗಕ್ಕೆ ಅರ್ಧ ಗಂಟೆಯ ಹತ್ತಿರ. ಮುಖ, ಕೈ, ಪಾದ ಮೂರೂ ಅಂದರೆ ವಾಲಂಟಿಯರ್ ಆಕಳಿಸುತ್ತಾನೆ. ಆಕಳಿಕೆಯೂ ಅಂಕಿಯಲ್ಲಿ ಸೇರುತ್ತದೆ.

ಥರ್ಮೋಡ್ ಬಳಸುವವರು ಗಮನಿಸಬೇಕಾದ ಇನ್ನೊಂದು: ಬೆಚ್ಚನೆಯ ಥ್ರೆಶೋಲ್ಡ್ ತಂಪಿನದಕ್ಕಿಂತ ಜಾಸ್ತಿ ಚದುರುತ್ತದೆ, ಪಾದದಲ್ಲಂತೂ ಇನ್ನೂ. ತಟ್ಟೆ ಚಿಕ್ಕದಾದಷ್ಟೂ ಬೆಚ್ಚನೆ ಗೊತ್ತಾಗಲು ಜಾಸ್ತಿ ಡಿಗ್ರಿ ಬೇಕು. ಹಾಗಾಗಿ ಬೇರೆ ಅಳತೆಯ ತಟ್ಟೆಯವರ ಅಂಕಿ ನಿಮ್ಮದಕ್ಕೆ ಹೊಂದುವುದಿಲ್ಲ. ಒಂದೇ ಅಳತೆ ಆರಿಸಿಕೊಳ್ಳಿ ಅಂದರೆ ನಾನು ತಂಪನ್ನೇ ಆರಿಸುತ್ತೇನೆ.

ಕರೆಂಟಿನ ಥ್ರೆಶೋಲ್ಡ್

ನ್ಯೂರೋಮೀಟರ್ ತರಹದ ಯಂತ್ರಗಳು 2000, 250 ಮತ್ತು 5 ಹರ್ಟ್ಜ್ ಕರೆಂಟ್ ಕೊಟ್ಟು ದೊಡ್ಡ, ನಡು, ಸಣ್ಣ ತಂತುಗಳನ್ನು ಬೇರೆಬೇರೆಯಾಗಿ ಅಳೆಯುತ್ತೇವೆ ಅನ್ನುತ್ತವೆ. ಕೇಳಲು ಆಕರ್ಷಕ. ಆದರೆ ಕರೆಂಟ್ ಸ್ಪರ್ಶ, ಬಿಸಿ ಹಿಡಿಯುವ ಚರ್ಮದ ಗ್ರಾಹಿಗಳನ್ನು ದಾಟಿ ನೇರವಾಗಿ ನರವನ್ನೇ ಕೆಣಕುತ್ತದೆ, ಮುಟ್ಟುವುದು ಬಿಸಿಯಾಗುವುದು ಅನ್ನುವ ನಿಜವಾದ ಅನುಭವ ಇಲ್ಲಿಲ್ಲ. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 2002ರಿಂದ ಈ ಪರೀಕ್ಷೆಗೆ ಹಣ ಕೊಡುವುದಿಲ್ಲ. ಆರೋಗ್ಯವಂತರ ಮೇಲಿನ ಸಂಶೋಧನೆಗೆ ಅಡ್ಡಿಯಿಲ್ಲ, ಆದರೆ ಇದಕ್ಕೆಂದೇ ದುಡ್ಡು ಸುರಿಯಬೇಡಿ.

ಐಸಿಸಿ ಕಡಿಮೆ ಬಂತು ಅಂತ ಗಾಬರಿಯಾಗುವ ಮುಂಚೆ

ಆರೋಗ್ಯವಂತರ ಅಧ್ಯಯನಗಳು ಎಡವುವುದು ಜಾಸ್ತಿ ಇಲ್ಲಿ. ಐಸಿಸಿ (ಇಂಟ್ರಾಕ್ಲಾಸ್ ಕೋರಿಲೇಶನ್) ಅಂದರೆ ಎರಡು ಸಲದ ಅಳತೆ ಎಷ್ಟು ಹೊಂದುತ್ತದೆ ಅನ್ನುವುದಕ್ಕೆ ಕೊಡುವ ಅಂಕ, 1ರ ಹತ್ತಿರ ಇದ್ದಷ್ಟೂ ಒಳ್ಳೆಯದು. ಒಂದು ಕಲ್ಪಿತ ಲೆಕ್ಕ ನೋಡಿ. ಐದು ವಿದ್ಯಾರ್ಥಿಗಳ ಹೆಬ್ಬೆರಳಿನ ಬಯೋಥೀಸಿಯೋಮೀಟರ್ ಅಂಕಿ ಮೊದಲ ದಿನ 5, 6, 6, 7, 6. ಇನ್ನೊಂದು ದಿನ ಅದೇ ಸಾಲಿನಲ್ಲಿ 6, 6, 5, 6, 7. ಯಾರಲ್ಲೂ 1 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇಲ್ಲ. ಎರಡೂ ದಿನದ ಸರಾಸರಿ 6. ಇದಕ್ಕಿಂತ ಚೆನ್ನಾಗಿ ಅಳೆಯಲು ಸಾಧ್ಯವಾ? ಆದರೆ ಐಸಿಸಿ ಹಾಕಿದರೆ ಸುಮಾರು 0.1 ಬರುತ್ತದೆ. ಗೈಡ್ ನೋಡಿದರೆ 'ಏನ್ರೀ ಇದು' ಅಂತಾರೆ.

ಈಗ ಅದೇ ಪಟ್ಟಿಗೆ ಇಬ್ಬರು ಹಿರಿಯರನ್ನು ಸೇರಿಸಿ. ಒಬ್ಬರಿಗೆ 18 ಇದ್ದದ್ದು 20 ಆಯಿತು, ಇನ್ನೊಬ್ಬರಿಗೆ 27 ಇದ್ದದ್ದು 25. ಇವರ ಅಂಕಿ 2 ವೋಲ್ಟ್ ಅಲುಗಾಡಿದೆ, ವಿದ್ಯಾರ್ಥಿಗಳಿಗಿಂತ ಜಾಸ್ತಿ. ಆದರೂ ಐಸಿಸಿ ಈಗ ಸುಮಾರು 0.99! ಅಳತೆ ಉತ್ತಮವಾಗಲಿಲ್ಲ, ಜನ ಬೇರೆಬೇರೆಯಾದರು ಅಷ್ಟೆ. ಜನರ ನಡುವಿನ ವ್ಯತ್ಯಾಸಕ್ಕೆ ಹೋಲಿಸಿದರೆ ಅಳತೆಯ ತಪ್ಪು ಎಷ್ಟು ಅನ್ನುವುದನ್ನು ಐಸಿಸಿ ಹೇಳುತ್ತದೆ. ಎಲ್ಲರೂ ಒಂದೇ ಥರ ಇರುವ ಗುಂಪಿನಲ್ಲಿ ಅದು ಕುಸಿಯಲೇಬೇಕು.

ಹಾಗಾಗಿ ಎರಡು ಉಪಕರಣ ಹೋಲಿಸುವಾಗ ಐಸಿಸಿ ಒಂದನ್ನೇ ನೋಡಿ ಗೆದ್ದವರನ್ನು ಘೋಷಿಸಬೇಡಿ. ಅಳತೆಯ ಮೂಲ ಘಟಕದಲ್ಲೇ ತಪ್ಪನ್ನು ಹೇಳಿ: ವೋಲ್ಟ್ ಆದರೆ ವೋಲ್ಟ್, ಡಿಗ್ರಿ ಆದರೆ ಡಿಗ್ರಿ. ಮೇಲಿನ ಐದು ವಿದ್ಯಾರ್ಥಿಗಳಲ್ಲಿ ಅಳತೆಯ ಪ್ರಮಾಣಿತ ದೋಷ, ಅಂದರೆ ಒಬ್ಬರದೇ ಅಂಕಿ ಸಲದಿಂದ ಸಲಕ್ಕೆ ಸಾಮಾನ್ಯವಾಗಿ ಅಲುಗಾಡುವ ಪ್ರಮಾಣ, ಸುಮಾರು 0.63 ವೋಲ್ಟ್. ಅದನ್ನು 2.77ರಿಂದ ಗುಣಿಸಿದರೆ 1.75. ಅಂದರೆ ಇದೇ ಗುಂಪಿನ ಒಬ್ಬರಲ್ಲಿ ಮುಂದೊಂದು ದಿನ ಸುಮಾರು 1.8 ವೋಲ್ಟಿಗಿಂತ ಜಾಸ್ತಿ ಬದಲಾದರೆ ಮಾತ್ರ 'ಏನೋ ನಿಜವಾಗಿ ಬದಲಾಗಿದೆ' ಅನ್ನಬಹುದು. ಜೊತೆಗೆ 1986ರಲ್ಲಿ ಬ್ಲಾಂಡ್ ಮತ್ತು ಆಲ್ಟ್‌ಮನ್ ತೋರಿಸಿಕೊಟ್ಟ ಚಿತ್ರ ಬರೆಯಿರಿ, ಎರಡು ದಿನಗಳ ವ್ಯತ್ಯಾಸವನ್ನು ಸರಾಸರಿಯ ಎದುರು ಇಡುವುದು. ಎರಡನೇ ದಿನ ಎಲ್ಲರ ಅಂಕಿ ಸ್ವಲ್ಪ ಇಳಿದಿದ್ದರೆ ಅದರಲ್ಲಿ ತಕ್ಷಣ ಕಾಣುತ್ತದೆ. ಹೀಗೆ ಇಳಿಯುವುದು ಸಹಜ, ಜನ ಪರೀಕ್ಷೆಯನ್ನು ಕಲಿತುಬಿಡುತ್ತಾರೆ. ಅದಕ್ಕೇ ಮೊದಲು ಒಂದು ಅಭ್ಯಾಸದ ಸುತ್ತು ಮಾಡಿಸಿ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಗಾದರೆ ಯಾವುದು?

ದುಡ್ಡಿಲ್ಲ, ಕರೆಂಟ್ ನಂಬಿಕೆಯಿಲ್ಲ, ಹಳ್ಳಿಗೆ ಹೋಗಬೇಕು ಅಂದರೆ ರೀಡೆಲ್-ಸೈಫರ್ ಫೋರ್ಕ್. ಕಾಲೇಜಿನಲ್ಲೇ ಕೂತು ದೊಡ್ಡ ತಂತುಗಳನ್ನು ಅಳೆಯುವುದಾದರೆ ಬಯೋಥೀಸಿಯೋಮೀಟರ್, ಮೂರು ಸಲದ ಸರಾಸರಿಯೊಂದಿಗೆ. ಸಣ್ಣ ತಂತುಗಳೇ ನಿಮ್ಮ ಪ್ರಶ್ನೆಯಾದರೆ ಥರ್ಮೋಡ್ ಬಿಟ್ಟು ದಾರಿಯಿಲ್ಲ. ಉಪಕರಣ ಇರುವ ದೊಡ್ಡ ಸಂಸ್ಥೆಯ ಜೊತೆ ಸೇರಿ ಮಾಡಿ. ಕೈಯ ಸ್ಪರ್ಶ ಅಂದರೆ 20 ಎಳೆಗಳ ಸೆಟ್. ಮಧುಮೇಹದ ಸ್ಕ್ರೀನಿಂಗ್ ಆದರೆ ಮಾತ್ರ 10 ಗ್ರಾಂ ಎಳೆ. ಎಳೆಯೂ ಇಲ್ಲದಿದ್ದರೆ 2011ರಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ಹೇಳಿಕೊಟ್ಟ ಬೆರಳಿನ ಪರೀಕ್ಷೆ ಸಾಕು: ಎರಡೂ ಪಾದದ 1, 3, 5ನೇ ಬೆರಳಿನ ತುದಿಯನ್ನು ಒಂದೆರಡು ಸೆಕೆಂಡ್ ಮೆಲ್ಲಗೆ ಮುಟ್ಟುವುದು, ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ಡಾಕ್ಟರ್ ಹತ್ತಿರ ಕಳಿಸುವುದು. ಮನೆಯಲ್ಲಿ ಅಮ್ಮನಿಗೂ ಮಾಡಬಹುದು.

ಯಾವುದನ್ನೇ ಆರಿಸಿ, ವಯಸ್ಸು ಮತ್ತು ಎತ್ತರ ಬರೆದಿಟ್ಟುಕೊಳ್ಳಿ. ಇವು ಜಾಸ್ತಿಯಾದಷ್ಟೂ ಪಾದದ ಥ್ರೆಶೋಲ್ಡ್ ಏರುತ್ತದೆ. ಪಾದ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿ, ಎಸಿ ಕೋಣೆಯಲ್ಲಿ ಚಪ್ಪಲಿ ಬಿಚ್ಚಿ ಕಾದು ಕೂತವರ ಪಾದ ಬೇರೆಯೇ ಅಂಕಿ ಕೊಡುತ್ತದೆ. ಬರಿಗಾಲಲ್ಲಿ ಗದ್ದೆ-ತೋಟ ತಿರುಗುವವರ ಅಂಗಾಲು ದಡ್ಡುಗಟ್ಟಿರುತ್ತದೆ. ದಡ್ಡು ಮತ್ತು ಹಿಮ್ಮಡಿಯ ಬಿರುಕಿನ ಮೇಲೆ ಅಳೆಯಬೇಡಿ, ನರ ಚೆನ್ನಾಗಿದ್ದರೂ ಚರ್ಮ ಸುದ್ದಿ ಬಿಡುವುದಿಲ್ಲ.

ಇನ್ನು ಕ್ಯಾಂಪಿನ ಚೀಟಿ ಹಿಡಿದವರಿಗೆ. ಹೋದ ವರ್ಷ 14 ಇದ್ದದ್ದು ಈ ವರ್ಷ 16 ಆಗಿದೆ, ಚೀಟಿಯ ಬಣ್ಣ ಹಸಿರಿನಿಂದ ಹಳದಿಗೆ ಹೋಗಿದೆ ಅಂತ ನಿದ್ದೆಗೆಡಬೇಡಿ. ಬೇರೆ ಕೈ, ಬೇರೆ ಯಂತ್ರ, ಬೇರೆ ಗಡಿಬಿಡಿ ಅಂದರೆ 2 ವೋಲ್ಟ್ ಏನೂ ಅಲ್ಲ. ಇಂಥ ಪರೀಕ್ಷೆಯೊಂದನ್ನೇ ನಂಬಿ ರೋಗ ತೀರ್ಮಾನಿಸಬಾರದು ಅಂತ ಅಮೆರಿಕದ ನರವೈದ್ಯರ ಅಕಾಡೆಮಿ 2003ರಲ್ಲೇ ಹೇಳಿದೆ. ಆದರೆ ಅಂಕಿ 25 ದಾಟಿದ್ದರೆ, ಅಥವಾ ಅಂಕಿ ಎಷ್ಟೇ ಇರಲಿ ಪಾದ ಜೋಮು ಹಿಡಿದಂತೆ ಇರುತ್ತಿದ್ದರೆ, ರಾತ್ರಿ ಉರಿಯುತ್ತಿದ್ದರೆ, ಚಪ್ಪಲಿ ಕಳಚಿಬಿದ್ದದ್ದು ಗೊತ್ತಾಗದಿದ್ದರೆ, ಆ ಚೀಟಿಯನ್ನು ತೆಗೆದುಕೊಂಡು ಡಾಕ್ಟರನ್ನು ನೋಡಿ. ಶುಗರ್ ಜೊತೆಗೆ ಬಿ12 ಕೂಡ ಪರೀಕ್ಷಿಸಬೇಕಾ ಅಂತ ಕೇಳಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಅದು ಕಡಿಮೆಯಾಗುವುದುಂಟು.